ಪೇಪರಿನಲ್ಲಿ ಇಲ್ಲದ ಕಥೆ

ನಮ್ಮ ಮನೆ ಬೋಳಾರದಲ್ಲಿ, ನದಿಗೆ ಇಳಿಯುವ ಓಣಿಯ ಕೊನೆಯಲ್ಲಿತ್ತು. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ತಡ್ಪೆ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ತಡ್ಪೆ ಎಂದರೆ ನಮ್ಮ ಕಡೆಯ ಮೊರ. ಅದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೀಡಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ, ಕತ್ತರಿ. ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಲೆಕ್ಕ ಒಪ್ಪಿಸುವ ತನಕ ಕೈ ನಿಲ್ಲುವ ಹಾಗಿರಲಿಲ್ಲ. ಕೈಗಳಿಗೆ ಕೆಲಸವಿತ್ತು, ಕಿವಿಗಳಿಗೆ ಇರಲಿಲ್ಲ. ಆ ಕಿವಿಗಳಿಗೆ ಓದಿ ಹೇಳುವುದು ನನ್ನ ಕೆಲಸವಾಗಿತ್ತು.

ನಾನು ಎಂಟನೆಯ ಕ್ಲಾಸಿನವರೆಗೆ ಕಲಿತವಳು. ಆ ಓಣಿಯ ಹೆಂಗಸರಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಓಣಿಯ ತಲೆಯಲ್ಲಿದ್ದ ಶಾಲೆಯ ಮಾಸ್ಟ್ರ ಮನೆಗೆ ಒಂದು ವಾರಪತ್ರಿಕೆ ಬರುತ್ತಿತ್ತು. ಅವರು ಓದಿ ಬಿಟ್ಟ ಮೇಲೆ ಅದು ನಮಗೆ. ಅದರಲ್ಲಿ ಬರುವ ಧಾರಾವಾಹಿಯನ್ನು ನಾನು ದಿನಕ್ಕೆ ಇಷ್ಟಿಷ್ಟು ಎಂದು ಕನ್ನಡದಲ್ಲಿ ಓದಿಕೊಂಡು ತುಳುವಿನಲ್ಲಿ ಹೇಳುತ್ತಿದ್ದೆ. ಇಲ್ಲಿ ಬರುವ ಮಾತುಗಳೂ ಹೆಚ್ಚಿನವು ತುಳುವಿನವೇ, ಬರೆಯುವಾಗ ಕನ್ನಡ ಮಾಡಿದ್ದೇನೆ. ಓದಿದ್ದಕ್ಕೆ ಒಬ್ಬೊಬ್ಬರೂ ತಮ್ಮ ಪಾಲಿನಿಂದ ಒಂದಷ್ಟು ಬೀಡಿ ತೆಗೆದು ನನ್ನ ತಡ್ಪೆಗೆ ಹಾಕುತ್ತಿದ್ದರು. ನಾನು ಒಂದು ಎಲೆ ಕತ್ತರಿಸದಿದ್ದರೂ ಸಂಜೆಗೆ ನನ್ನ ತಡ್ಪೆ ತುಂಬಿರುತ್ತಿತ್ತು.

ಆ ಜಗಲಿಗೆ ಒಂದು ಕಟ್ಟಳೆಯಿತ್ತು. ಓದುವಾಗ ನಡುವೆ ಯಾರೂ ಮಾತಾಡಬಾರದು, ಓದಿದ್ದಕ್ಕೆ ಓದಿದವಳನ್ನು ಬೈಯಬಾರದು. ಕಥೆಯಲ್ಲಿ ಸೊಸೆಯೊಬ್ಬಳು ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಜೋರಾಗಿ ಓದಿದಾಗ ಒಬ್ಬಿಬ್ಬರು ನನಗೇ ಬೈದರು. ಎದುರು ಮನೆಯ ಮುದುಕಿ ತುದಿ ಮಡಚುತ್ತಿದ್ದ ಬೀಡಿಯಿಂದ ಕಣ್ಣೆತ್ತದೆ ಹೇಳಿದಳು, “ಅವಳಿಗೆ ಎಂತಕ್ಕೆ ಬೈತೀರಿ? ಅದು ಪೇಪರಿನ ಮಾತು, ಅವಳ ಮಾತಲ್ಲ.” ಆ ಮಾತು ನನಗೆ ಆಮೇಲೆ ಎಷ್ಟು ಉಪಕಾರಕ್ಕೆ ಬಂತು ಎಂದು ಆ ಮುದುಕಿಗೆ ಗೊತ್ತಾಗಲೇ ಇಲ್ಲ.

ಸ್ವಂತ ಮಾತು ಎನ್ನುವುದು ನನಗೆ ಆಗ ಇರಲೂ ಇಲ್ಲ. ಮದುವೆ ಮಾಡಿಕೊಂಡವರು ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದರು. ಮೊದಲು ವರ್ಷಕ್ಕೊಮ್ಮೆ ಬಂದರು, ಆಮೇಲೆ ಬರಲಿಲ್ಲ. ಅಲ್ಲಿ ಬೇರೆ ಸಂಸಾರ ಉಂಟಂತೆ ಎಂದು ಹಡಗಿನಲ್ಲಿ ಬಂದವರ ಬಾಯಿಂದ ಸುದ್ದಿ ಬಂತು. ಬಾವಿಕಟ್ಟೆಯಲ್ಲಿ, ಅಂಗಡಿಯಲ್ಲಿ ಯಾರು ಕೇಳಿದರೂ ನನ್ನ ಉತ್ತರ ಒಂದೇ, “ಬರ್ತಾರೆ.” ಬರುವುದು ನನಗೆ ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಮನೆಯ ಯಜಮಾನ ಅಮ್ಮನ ಅಣ್ಣ, ನನ್ನ ಸೋದರಮಾವ. ನಮ್ಮವರಲ್ಲಿ ಮಾವ ಹೇಳಿದ ಮೇಲೆ ಮುಗಿಯಿತು. ಬಂದರಿನ ಗೋದಾಮಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅವರ ಎದುರು ನಾನು ಊಟಕ್ಕೆ ಬನ್ನಿ ಎನ್ನುವುದಕ್ಕಿಂತ ಹೆಚ್ಚು ಮಾತಾಡಿದ್ದೇ ಇಲ್ಲ.

ಬಾಯಮ್ಮ ಬಂದದ್ದು ಅಂಥ ದಿನಗಳಲ್ಲಿ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಾವೆಲ್ಲ ಬಾಯಮ್ಮ ಎಂದೇ ಕರೆಯುವುದು. ಇವಳು ಹೆರಿಗೆ ಮಾಡಿಸುವ ನರ್ಸು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಹುಡುಗರ ಹಾಗೆ ಕತ್ತರಿಸಿದ ಕೂದಲು. ಸೀರೆ ಎತ್ತಿ ಸಿಕ್ಕಿಸಿಕೊಂಡು ಸೈಕಲ್ ಬಿಡುತ್ತಾ, ಶಿಳ್ಳೆ ಹಾಕುತ್ತಾ ಓಣಿಗೆ ಇಳಿದರೆ ನಾಯಿಗಳು ಕೂಡ ಬೊಗಳುವುದು ಮರೆತು ನೋಡುತ್ತಿದ್ದವು. ಕನ್ಯಾಸ್ತ್ರೀಯಾಗಲು ಹೋಗಿ ಕೊನೆಯ ವಚನ ಕೊಡುವ ಮೊದಲೇ ಕಾನ್ವೆಂಟ್ ಬಿಟ್ಟು ಬಂದವಳು ಎಂದು ಎಲ್ಲರಿಗೂ ಗೊತ್ತಿತ್ತು. ಅವರಲ್ಲಿ ಅದು ಗಂಡನ ಮನೆ ಬಿಟ್ಟು ಬರುವುದಕ್ಕಿಂತ ದೊಡ್ಡ ಅವಮಾನವಂತೆ. ಗಂಡುಬೀರಿ ಎಂದು ಬೈದವರೇ ನೋವು ಶುರುವಾದಾಗ ಅವಳಿಗೆ ಹೇಳಿ ಕಳಿಸುತ್ತಿದ್ದರು.

ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದವಳು ಬಿಸಿಲಿಗೆ ನಮ್ಮ ಜಗಲಿಯಲ್ಲಿ ಕುಳಿತಳು. ಅಮ್ಮ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಚೊಂಬಿನಲ್ಲಿ ನೀರು ತಂದು ಇಟ್ಟರು. ಹೊರಗಿನಿಂದ ಬಂದವರಿಗೆ ಮೊದಲು ಬೆಲ್ಲ ನೀರು, ಅದು ನಮ್ಮ ಊರಿನ ಮರ್ಯಾದೆ. ಮನೆಯವರಿಗೆ ಕೊಡುವುದಿಲ್ಲ. ಮನೆಯವರು ಒಳಗೆ ಹೋಗಿ ಕೊಡಪಾನದಿಂದ ತಾವೇ ತೆಗೆದು ಕುಡಿಯಬೇಕು. ಬಾಯಮ್ಮ ಬೆಲ್ಲ ತಿಂದಳು, ಕಥೆ ಕೇಳಿದಳು, ಮರುದಿನವೂ ಬಂದಳು. ಬರುವುದೇ ಅಭ್ಯಾಸವಾಯಿತು. ಒಂದು ದಿನ ಅಮ್ಮ ಬೆಲ್ಲದ ಡಬ್ಬಿ ತೆಗೆಯುವಷ್ಟರಲ್ಲಿ ಅವಳು ಎದ್ದು ನೇರ ಅಡುಗೆಮನೆಗೆ ನುಗ್ಗಿ ತಾನೇ ನೀರು ತೆಗೆದು ಗಟಗಟ ಕುಡಿದುಬಿಟ್ಟಳು. “ಎಷ್ಟು ದಿನ ಅಂತ ಬೆಲ್ಲ ತಿನ್ನುವುದು ಅಮ್ಮಾ? ನನ್ನ ಹಲ್ಲು ಹೋಗ್ತದೆ.”

ಅಬ್ಬಬ್ಬಾ! ಪರಜಾತಿಯವಳು ಅಡುಗೆಮನೆಗೆ ಬಂದದ್ದಕ್ಕೆ ಅಮ್ಮ ಮಾಡಿದ ಗಲಾಟೆ! ಕೊಡಪಾನದ ನೀರೆಲ್ಲ ಚೆಲ್ಲಿ, ಹುಣಸೆಹುಳಿ ಹಾಕಿ ತಿಕ್ಕಿ ತೊಳೆದರು. ಅವಳು ಮರುದಿನವೂ ಹಾಗೇ ಮಾಡಿದಳು. ಅಮ್ಮ ಮತ್ತೆ ತೊಳೆದರು. ಕಡೆಗೆ ಸೋತದ್ದು ಅಮ್ಮನೇ. “ಇವಳಿಗೋಸ್ಕರ ಎಷ್ಟು ಹುಣಸೆಹುಳಿ ಹಾಳು ಮಾಡುವುದು” ಎಂದು ಗೊಣಗಿ ಸುಮ್ಮನಾದರು.

ಆ ಮಳೆಗಾಲ ಕಳೆಯುವಾಗ ಮಾಸ್ಟ್ರಿಗೆ ಘಟ್ಟದ ಮೇಲಕ್ಕೆ ವರ್ಗವಾಯಿತು, ವಾರಪತ್ರಿಕೆ ನಿಂತಿತು. ಧಾರಾವಾಹಿ ಅರ್ಧದಲ್ಲಿತ್ತು. ಅದರ ನಾಯಕಿಯ ಗಂಡ ಪರದೇಶಕ್ಕೆ ಹೋದವನು ಬಂದಿರಲಿಲ್ಲ, ಅವಳು ತುಳಸಿಕಟ್ಟೆಯ ಹತ್ತಿರ ನಿಂತು ಅಳುತ್ತಿದ್ದಳು. ಅತ್ತೂ ಅತ್ತೂ ಬಾವಿ ತುಂಬಿಸುವ ಜಾತಿ. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ, ಆದರೆ ಜಗಲಿಯ ಹೆಂಗಸರಿಗೆ ಅವಳು ಮನೆಮಗಳ ಹಾಗೆ. “ಇವತ್ತು ಎಂತಾಯಿತು ಅವಳಿಗೆ?” ಎಂದು ಎಲ್ಲರೂ ತಡ್ಪೆ ಇಟ್ಟುಕೊಂಡು ಕುಳಿತಾಗ ಪೇಪರ್ ಬಂದಿಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಹಳೆಯ ಪೇಪರೊಂದನ್ನು ತಂದು ಬಿಡಿಸಿಕೊಂಡು ಓದಲು ಶುರು ಮಾಡಿದೆ.

ಮೊದಲು ಅವಳ ಅಳು ನಿಲ್ಲಿಸಿದೆ. ಆಮೇಲೆ ಅವಳ ಮನೆಯನ್ನು ನದಿಯ ದಡಕ್ಕೆ ತಂದೆ. ಒಂದು ವಾರ ಕಳೆದ ಮೇಲೆ ಅವಳ ಕೈಗೆ ಹುಟ್ಟು ಕೊಟ್ಟು ದೋಣಿ ದಾಟಿಸುವ ಕೆಲಸಕ್ಕೆ ಹಚ್ಚಿದೆ. ಎದುರು ಮನೆಯ ಮುದುಕಿಗೆ ತಡೆಯಲಾಗಲಿಲ್ಲ, “ಹೆಂಗಸು ದೋಣಿ ನಡೆಸುವುದುಂಟಾ?” ಎಂದಳು. “ಪೇಪರಿನಲ್ಲಿ ಉಂಟು” ಎಂದೆ. ಪೇಪರಿನಲ್ಲಿ ಉಂಟು ಎಂದ ಮೇಲೆ ಆಯಿತಲ್ಲ! ಎಲ್ಲರೂ ಒಪ್ಪಿಕೊಂಡರು. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಬೆಳಿಗ್ಗೆ ಎದ್ದರೆ ಆ ದೋಣಿಯವಳದೇ ಯೋಚನೆ. ಬದುಕಿನಲ್ಲಿ ಮೊದಲ ಬಾರಿಗೆ ಮಧ್ಯಾಹ್ನ ಯಾವಾಗ ಆಗುತ್ತದೆ ಎಂದು ನಾನು ಕಾದದ್ದು ಆಗಲೇ.

ಹಿಡಿದದ್ದು ಬಾಯಮ್ಮ. ನೀರು ಸೇದಲು ನಾನು ಬಾವಿಕಟ್ಟೆಗೆ ಹೋದಾಗ ಹಿಂದೆಯೇ ಬಂದು ಕೇಳಿದಳು, “ಎಂತ ಮಾರಾಯ್ತಿ, ಆ ಕಥೆ ಪೇಪರಿನಲ್ಲಿ ಉಂಟಾ?”

ಕೈಯಲ್ಲಿದ್ದ ಹಗ್ಗ ಜಾರಿತು. “ನಿಮಗೆ ಹೇಗೆ ಗೊತ್ತಾಯಿತು ಬಾಯಮ್ಮ?”

“ಓದುವವರ ಕಣ್ಣು ಸಾಲಿನ ಮೇಲೆ ಓಡ್ತದೆ. ನಿನ್ನ ಕಣ್ಣು ಒಂದೇ ಕಡೆ ನಿಂತಿತ್ತು. ನಾನು ಅದರಲ್ಲಿ ಹಳೆಯ ಕಳ್ಳಿ.”

ಕಾನ್ವೆಂಟಿನಲ್ಲಿ ಊಟದ ಹೊತ್ತಿಗೆ ಮಾತಾಡುವಂತಿಲ್ಲವಂತೆ. ಎಲ್ಲರೂ ಮೌನವಾಗಿ ಉಣ್ಣುವಾಗ ಒಬ್ಬಳು ನಿಂತು ಸಂತರ ಚರಿತ್ರೆ ಓದಬೇಕು. ಆ ಕೆಲಸ ಇವಳಿಗೆ ಬಿತ್ತು. ಒಂದು ದಿನ ಯಾರೋ ಸಂತ ಸ್ತ್ರೀಯ ಕಥೆ ಓದುತ್ತಾ ಓದುತ್ತಾ ಪುಸ್ತಕದಲ್ಲಿ ಇಲ್ಲದ ಒಂದು ಸಾಲು ಇವಳ ಬಾಯಿಂದ ಬಂತು. “ಆಗ ಅವಳು ಮೇಲಧಿಕಾರಿಣಿಯ ಹತ್ತಿರ ಹೋಗಿ, ಅಮ್ಮಾ, ನನ್ನ ಜಾಗ ಇದಲ್ಲ, ನಾನು ಮನೆಗೆ ಹೋಗ್ತೇನೆ, ಎಂದಳು.” ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ, ಮಾರಾಯ್ತಿ. ಪ್ರಾರ್ಥನೆಯಲ್ಲಿ ಕೇಳಿದೆ, ಚರ್ಚಿನ ಸ್ವಾಮಿಗಳ ಹತ್ತಿರ ಕೇಳಿದೆ, ಗೊತ್ತಾಗಲಿಲ್ಲ. ಆ ಸಾಲು ಓದಿದ ಮೇಲೆ ಗೊತ್ತಾಯಿತು. ಪುಸ್ತಕದಲ್ಲಿ ಇಲ್ಲದ್ದು ಬಾಯಿಗೆ ಬಂದರೆ ಅದು ಹೊಟ್ಟೆಯೊಳಗಿನದ್ದೇ ಅಲ್ಲವಾ?”

“ಮನೆಗೆ ಬಂದಿರಲ್ಲ, ಆಮೇಲೆ?”

ಅವಳು ಜಾರಿದ ಹಗ್ಗವನ್ನು ಎಳೆದು ನನ್ನ ಕೈಗೆ ಕೊಟ್ಟಳು. “ಬಂದೆ. ಅಮ್ಮ ಜಗಲಿಗೆ ಬಂದು ನೋಡಿದಳು, ಒಳಗೆ ಹೋದಳು. ತಟ್ಟೆಯಲ್ಲಿ ಬೆಲ್ಲ ಇಟ್ಟು, ನೀರಿನ ಜೊತೆಗೆ ತಂದು ನನ್ನ ಮುಂದೆ ಇಟ್ಟಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಟ್ಟಿದ ಮನೆಯಲ್ಲಿ ನನಗೆ ಬೆಲ್ಲ ನೀರು! ಸಾಯುವವರೆಗೂ ಅಮ್ಮ ನನ್ನನ್ನು ಒಳಗೆ ಬಾ ಅನ್ನಲಿಲ್ಲ.”

ನಮ್ಮ ಅಡುಗೆಮನೆಗೆ ಅವಳು ಹಾಗೆ ನುಗ್ಗಿದ್ದು ಏಕೆ ಎಂದು ನನಗೆ ಆಗ ತಿಳಿಯಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಅವಳಿಗೆ ಸಿಟ್ಟು ಬಂತು. “ಅಳ್ಬೇಡ, ನೀನು ಆ ತುಳಸಿಕಟ್ಟೆಯವಳ ಹಾಗೆ. ಇದು ಹೇಳು, ದೋಣಿಯವಳ ಗಂಡ ಬಂದರೆ ಅವಳು ಎಂತ ಮಾಡ್ತಾಳೆ?”

“ಗೊತ್ತಿಲ್ಲ ಬಾಯಮ್ಮ.”

“ಓದಿ ನೋಡು. ಗೊತ್ತಾಗ್ತದೆ.”

ನಾನು ಓದಲಿಲ್ಲ. ಆ ಗಂಡನನ್ನು ಕಥೆಗೆ ತರಲು ನನಗೆ ಹೆದರಿಕೆಯಾಗುತ್ತಿತ್ತು. ದೋಣಿಗೆ ನೆರೆ ತಂದೆ, ಮೊಸಳೆ ತಂದೆ, ಗಂಡನನ್ನು ಮಾತ್ರ ತರಲಿಲ್ಲ.

ಕಥೆಯಲ್ಲಿ ಬಾರದವರು ಮನೆಗೆ ಬಂದರು. ಒಂದು ಶನಿವಾರ ಬೆಳಿಗ್ಗೆ ಬೊಂಬಾಯಿಯ ಹಡಗಿನಿಂದ ಇಳಿದು, ಕೂಲಿಯವನ ತಲೆಯ ಮೇಲೆ ಟ್ರಂಕು ಹೊರಿಸಿಕೊಂಡು ನಮ್ಮ ಅಂಗಳದಲ್ಲಿ ನಿಂತಿದ್ದರು. ನನಗೆ ಮೊದಲು ಗುರುತೇ ಸಿಗಲಿಲ್ಲ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಒಳಗೆ ಓಡಿ ಬಂದರು. ನನ್ನ ಕೈ ತನ್ನಷ್ಟಕ್ಕೇ ಬೆಲ್ಲದ ಡಬ್ಬಿಗೆ ಹೋಗಿತ್ತು. ಅಮ್ಮ ಕೈಗೆ ಹೊಡೆದರು. “ಬೆಲ್ಲ ಎಂತಕ್ಕೆ? ಅವನೇನು ನೆಂಟನಾ? ಬರೀ ನೀರು ಕೊಡು.”

ಬೊಂಬಾಯಿಯವಳು ತೀರಿಕೊಂಡಿದ್ದಳು. ಸಣ್ಣ ಮಕ್ಕಳು ಇದ್ದವು, ನೋಡಿಕೊಳ್ಳಲು ಜನ ಬೇಕಿತ್ತು. ಸೋಮವಾರದ ಹಡಗಿಗೆ ಇಬ್ಬರಿಗೂ ಟಿಕೇಟು ಮಾಡಿಯೇ ಬಂದಿದ್ದರು. ಮಾವ ತಲೆ ತಗ್ಗಿಸಿ ಎಲ್ಲ ಕೇಳಿದರು. ಕೊನೆಗೆ, “ಕರೆದುಕೊಂಡು ಹೋಗಲಿಕ್ಕೆ ಬಂದದ್ದಲ್ಲ, ಅದು ದೊಡ್ಡದು. ಹೋಗಲಿ” ಎಂದರು. ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಅಮ್ಮ ನನ್ನ ಸೀರೆಗಳನ್ನು ಮಡಚಲು ಶುರು ಮಾಡಿದರು. ಮಾವನಿಗೆ ಎದುರಾಗಿ ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಅದಕ್ಕಿಂತ ಕಷ್ಟದ್ದು ಇನ್ನೊಂದು. ಬೇಡ ಎಂದು ನನಗೆ ಅನ್ನಿಸುತ್ತಿದೆಯೋ, ಇಲ್ಲ ಹೆದರಿಕೆ ಮಾತ್ರವೋ ಎಂದು ನನಗೇ ತಿಳಿಯುತ್ತಿರಲಿಲ್ಲ.

ಆದಿತ್ಯವಾರ ಮಧ್ಯಾಹ್ನ ಜಗಲಿಗೆ ಎಲ್ಲರೂ ಬಂದರು. ಬರದೆ ಇರುತ್ತಾರಾ? ಮಾವ ಕುರ್ಚಿಯಲ್ಲಿ, ಬೊಂಬಾಯಿಯಿಂದ ಬಂದವರು ಬೆಂಚಿನಲ್ಲಿ, ಹೆಂಗಸರು ಮೂಲೆಯಲ್ಲಿ ತಲೆ ಬಗ್ಗಿಸಿ ಬೀಡಿ ಕಟ್ಟುವ ನೆವದಲ್ಲಿ. ಬಾಯಮ್ಮ ಪೇರಳೆ ಮರಕ್ಕೆ ಸೈಕಲ್ ಒರಗಿಸಿ ಮೆಟ್ಟಿಲ ಮೇಲೆ ಕುಳಿತಳು. “ಇವತ್ತು ಓದುವುದೆಲ್ಲ ಬೇಡ” ಎಂದು ಅಮ್ಮ ಹೇಳುತ್ತಿರುವಾಗ ಮಾವನೇ, “ಓದಲಿ. ನಾಳೆ ಹೋಗುವವಳಲ್ಲವಾ? ಎಂತ ಓದ್ತಾಳೆ ಅಂತ ನಾನು ಒಮ್ಮೆಯೂ ಕೇಳಿಲ್ಲ” ಎಂದರು.

ನಾನು ಹಳೆಯ ಪೇಪರ್ ಬಿಡಿಸಿದೆ. ಬಾಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಓದಿ ನೋಡು, ಗೊತ್ತಾಗ್ತದೆ.

ಓದಿದೆ. ಉರಿಬಿಸಿಲಿನಲ್ಲಿ ಆಚೆ ದಡದಿಂದ ಒಬ್ಬರು ದೋಣಿ ದೋಣಿ ಎಂದು ಕೂಗಿದರು. ದೋಣಿಯವಳು ಹೋಗಿ ಕರೆತಂದಳು. ನಡುನೀರಿಗೆ ಬಂದಾಗ ಅವಳಿಗೆ ಗುರುತು ಸಿಕ್ಕಿತು, ಅವರಿಗೆ ಸಿಗಲಿಲ್ಲ. ಮನೆಗೆ ಬಂದ ಮೇಲೆ ಅವರು ಹೇಳಿದರು, ಮಕ್ಕಳಿಗೆ ತಾಯಿ ಇಲ್ಲ, ಹೊರಡು. ಜಗಲಿಯಲ್ಲಿ ಕತ್ತರಿಗಳ ಸದ್ದು ನಿಂತಿತು. ಮುಂದಿನ ಮಾತು ಏನು ಎಂದು ಆ ಕ್ಷಣದವರೆಗೂ ನನಗೆ ಗೊತ್ತಿರಲಿಲ್ಲ, ದೇವರಾಣೆ. “ಅವಳು ಒಳಗೆ ಹೋದಳು. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ಇಟ್ಟಳು. ಚೊಂಬಿನಲ್ಲಿ ನೀರು ತುಂಬಿದಳು. ತಂದು ಅವರ ಮುಂದೆ ಇಟ್ಟಳು. ಇದೆಂತ, ನಾನೇನು ನೆಂಟನಾ, ಎಂದು ಅವರು ಕೇಳಿದರು. ಬಿಸಿಲಲ್ಲಿ ಬಂದಿದ್ದೀರಿ, ನೀರು ಕುಡಿದು ಹೋಗಿ, ಎಂದಳು.”

ಹೆದರಿಕೆ ಹೋಗಿರಲಿಲ್ಲ. ಆದರೂ ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ. ನನಗೆ ಬೇಡ. ಅಷ್ಟೇ. ಇಷ್ಟು ಸಣ್ಣ ಮಾತನ್ನು ತಿಳಿದುಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬೆಂಚಿನಿಂದ ಅವರು ಎದ್ದೇ ಬಿಟ್ಟರು. “ಇದೆಂತ ಕಥೆ? ಇಂಥದ್ದೆಲ್ಲ ಪೇಪರಿನವರು ಹಾಕ್ತಾರಾ? ಮಾವ, ನೀವೇ ನೋಡಿ.”

ಮಾವ ಕೈ ಚಾಚಿದರು. ಕೊಡದೆ ವಿಧಿಯಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಓದಿದರು. ಆ ಪುಟದಲ್ಲಿ ಏನಿತ್ತು ಎಂದು ನನಗೆ ಬಾಯಿಪಾಠ ಬರುತ್ತಿತ್ತು. ತುಳಸಿಕಟ್ಟೆ, ಕಣ್ಣೀರು, ಸ್ವಾಮಿ ಯಾವಾಗ ಬರುವಿರಿ ಎನ್ನುವ ಮಾತು. ದೋಣಿಯೂ ಇಲ್ಲ, ಬೆಲ್ಲವೂ ಇಲ್ಲ. ಮಾವ ಕೊನೆಯವರೆಗೂ ಓದಿ ಪುಟ ತಿರುಗಿಸಿದರು, ಮೊದಲ ಪುಟದ ಮೇಲಿದ್ದ ಹಳೆಯ ತಾರೀಕನ್ನೂ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಪೇಪರನ್ನು ನಿಧಾನವಾಗಿ ಮಡಚಿ ನನ್ನ ಕೈಗೆ ಕೊಟ್ಟರು.

“ಬರೆದದ್ದು ಹಾಗೇ ಉಂಟು” ಎಂದರು. ಒಳಗಿದ್ದ ಅಮ್ಮನಿಗೆ ಕೇಳುವ ಹಾಗೆ ಇನ್ನೊಂದು ಮಾತು ಹೇಳಿದರು. “ತಂಗೀ, ನೆಂಟರಿಗೆ ಬೆಲ್ಲ ನೀರು ತಾ.”

ಅಮ್ಮ ತಂದಿಟ್ಟರು. ಅವರು ನೀರು ಕುಡಿದರು, ಬೆಲ್ಲ ಮುಟ್ಟಲಿಲ್ಲ. ಸೋಮವಾರದ ಹಡಗಿನಲ್ಲಿ ಒಬ್ಬರೇ ಹೋದರು. ಆ ಮಕ್ಕಳ ವಿಷಯ ಮಾತ್ರ ನನಗೆ ಈಗಲೂ ಸಂಕಟವಾಗುತ್ತದೆ. ಅವು ಯಾರ ಕೈಯಲ್ಲಿ ಬೆಳೆದವೋ ಏನೋ. ಸಂಕಟವಾಗುತ್ತದೆ ಎಂದು ನಾನು ಹೋಗಬೇಕಿತ್ತು ಎಂದಲ್ಲ.

ಅಂದು ಸಂಜೆ ಸೈಕಲ್ ಹತ್ತುವಾಗ ಬಾಯಮ್ಮ ಹೇಳಿದ್ದು ಇಷ್ಟೇ. “ಕಣ್ಣು ಇವತ್ತೂ ಒಂದೇ ಕಡೆ ನಿಂತಿತ್ತು ಮಾರಾಯ್ತಿ. ಇನ್ನು ನೀನೇ ಬರೆ. ಬರೆದರೆ ಕಣ್ಣು ಓಡ್ತದೆ.” ಮಾವ ಆ ವಿಷಯವನ್ನು ಮತ್ತೆ ಎತ್ತಲೇ ಇಲ್ಲ. ಕೆಲವು ದಿನ ಕಳೆದು ಗೋದಾಮಿನಿಂದ ಒಂದು ಮಗ್ಗುಲು ಖಾಲಿಯಿದ್ದ ಕಾಗದಗಳ ಕಟ್ಟೊಂದನ್ನು ತಂದು ಜಗಲಿಯಲ್ಲಿಟ್ಟರು. “ಬಿಸಾಡುವ ಕಾಗದ. ಬರೆಯಲಿಕ್ಕೆ ಆಗ್ತದೆ” ಎಂದು ಯಾರಿಗೆ ಎಂದು ಹೇಳದೆ ಒಳಗೆ ಹೋದರು.

ನಾನು ಕಥೆ ಬರೆಯುವವಳಾದದ್ದು ಹಾಗೆ. ಕಳಿಸಿದ್ದೆಲ್ಲ ವರ್ಷಗಟ್ಟಲೆ ವಾಪಸು ಬಂತು. ನನಗೆ ಅರವತ್ತು ದಾಟಿದ ಮೇಲೆ ಒಂದು ಅಚ್ಚಾಯಿತು, ಕೂದಲು ಕತ್ತರಿಸಿದ, ಸೈಕಲ್ ಬಿಡುವ ಒಬ್ಬ ನರ್ಸಿನ ಕಥೆ. ಕಥೆಯ ಕೊನೆಯಲ್ಲಿ ಅವಳು ಊರು ಬಿಟ್ಟು ಹಡಗು ಹತ್ತುತ್ತಾಳೆ. ಅದಕ್ಕಿಂತ ಮುಂದೆ ಬರೆಯಲು ನನಗೆ ಆಗಿರಲಿಲ್ಲ. ಏಕೆಂದರೆ ಅಷ್ಟರಲ್ಲಿ ಬಾಯಮ್ಮನ ಹೊಟ್ಟೆಯಲ್ಲಿ ಗಡ್ಡೆ ಎಂದು ಡಾಕ್ಟರು ಹೇಳಿ ಆಗಿತ್ತು.

ಅವಳು ನದಿಯಾಚೆ, ತೊಕ್ಕೊಟ್ಟಿನ ಹತ್ತಿರ, ಅಣ್ಣನ ಮನೆಯಲ್ಲಿ ಮಲಗಿದ್ದಳು. ಅದು ಅವಳು ಹುಟ್ಟಿದ ಮನೆ. ಒಮ್ಮೆ ಬೆಲ್ಲ ನೀರು ಕೊಟ್ಟ ಅದೇ ಜಗಲಿಗೆ ಹೊಂದಿದ ಕೋಣೆಯಲ್ಲಿ ಅವಳ ಮಂಚ. ನಾನು ಪತ್ರಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ದೋಣಿ ದಾಟಿ ಹೋದೆ. ಅವಳ ಮುಖ ಕಂಡು ಬಾಗಿಲಲ್ಲೇ ನಿಂತೆ. ಅವಳೇ ಹೇಳಿದಳು, “ಎಂತ ನಿಂತಿದ್ದೀ? ಓದು.”

ಓದಿದೆ. ಅಚ್ಚಾದ ನನ್ನದೇ ಸಾಲುಗಳನ್ನು ಅವಳಿಗಾಗಿ ಓದಿದೆ. ಅವಳು ಅರೆಗಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದಳು. “ಇವತ್ತು ಕಣ್ಣು ಓಡ್ತಾ ಉಂಟು” ಎಂದು ಸಣ್ಣಗೆ ನಕ್ಕಳು.

ಹಡಗಿನ ಸಾಲು ಬಂತು. ಅದನ್ನು ನಾನು ಓದಲಿಲ್ಲ. “ಅವಳು ಸೈಕಲನ್ನು ಮನೆಯ ಅಂಗಳಕ್ಕೆ ತಿರುಗಿಸಿದಳು. ಅವಳ ಅಮ್ಮ ಜಗಲಿಗೆ ಬಂದಳು. ತಟ್ಟೆ ತರಲಿಲ್ಲ, ಬೆಲ್ಲ ತರಲಿಲ್ಲ. ಎಷ್ಟು ಹೊತ್ತು ಮಗಾ, ಬಿಸಿಲಲ್ಲಿ ನಿಂತಿದ್ದೀಯಲ್ಲ, ಒಳಗೆ ಬಾ, ಕೊಡಪಾನದಲ್ಲಿ ನೀರುಂಟು, ತೆಗೆದು ಕುಡಿ, ಎಂದಳು.”

ಅವಳು ಹೇಳಿದಳು, “ಅದು ಅದರಲ್ಲಿ ಇಲ್ಲ, ಮಾರಾಯ್ತಿ. ನಿನ್ನ ಕಣ್ಣು ನಿಂತಿತು.”

“ಉಂಟು ಬಾಯಮ್ಮ” ಎಂದೆ. “ಬರೆದದ್ದು ಹಾಗೇ ಉಂಟು.”

ಅವಳು ಕಣ್ಣು ಮುಚ್ಚಿಕೊಂಡಳು. “ಹಾಗಾದರೆ ಇನ್ನೊಮ್ಮೆ ಓದು” ಎಂದಳು.